ಯಂತ್ರವು ಯಂತ್ರದ ಗುರುತನ್ನು ಹಿಡಿಯುವ ಬಗೆ

ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದ ಕಥೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ನಂದರ ಮಂತ್ರಿಯಾದ ರಾಕ್ಷಸನ ಮುದ್ರೆಯುಂಗುರವು ಆಕಸ್ಮಿಕವಾಗಿ ಚಾಣಕ್ಯನ ಕೈಸೇರುತ್ತದೆ. ಚಾಣಕ್ಯನು ಒಂದು ಕಪಟಪತ್ರವನ್ನು ಬರೆಯಿಸಿ, ಅದಕ್ಕೆ ಆ ಉಂಗುರದಿಂದಲೇ ಮುದ್ರೆಯನ್ನು ಒತ್ತಿಸುತ್ತಾನೆ. ಪತ್ರವು ಮಲಯಕೇತುವಿಗೆ ಸಿಕ್ಕಿದಾಗ ಅವನು ಮುದ್ರೆಯನ್ನು ನೋಡಿ, ಇದು ರಾಕ್ಷಸನದೇ ಎಂದು ನಂಬಿ, ತನಗೆ ನೆರವಾಗಿ ನಿಂತ ಮಂತ್ರಿಯನ್ನೇ ದ್ರೋಹಿಯೆಂದು ದೂರಮಾಡುತ್ತಾನೆ. ಮಲಯಕೇತುವಿನ ಕಣ್ಣು ಇಲ್ಲಿ ತಪ್ಪಲಿಲ್ಲ. ಮುದ್ರೆ ನಿಜವಾದುದೇ ಆಗಿತ್ತು. ‘ಈ ಮುದ್ರೆ ರಾಕ್ಷಸನದು’ ಎಂಬುದರಿಂದ ‘ಇದನ್ನು ಒತ್ತಿದವನು ರಾಕ್ಷಸನು’ ಎಂಬ ನಿರ್ಣಯಕ್ಕೆ ಹಾರಿದುದರಲ್ಲಿ ಅವನು ತಪ್ಪಿದನು.

ಇಂದು ಗಣಕಯಂತ್ರಗಳು ಒಂದರೊಡನೊಂದು ವ್ಯವಹರಿಸುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ವಿದ್ಯಾರ್ಥಿಯೊಬ್ಬನು ವಿದ್ಯಾರ್ಥಿವೇತನಕ್ಕಾಗಿ ಅರ್ಜಿಯನ್ನು ಸಲ್ಲಿಸುತ್ತಾನೆ. ಹಿಂದಿನ ಕಾಲದಲ್ಲಿ ಅರ್ಜಿಯು ಕಡತದೊಳಗೆ ಸೇರಿ, ಜವಾನನ ಕೈಯಲ್ಲಿ ಮೇಜಿನಿಂದ ಮೇಜಿಗೆ ಸಾಗುತ್ತಿತ್ತು. ಈಗ ಆ ಜವಾನನ ಕೆಲಸವನ್ನು ವರ್ಕ್‌ಫ್ಲೋ ಎಂಬ ತಂತ್ರಾಂಶವು ಮಾಡುತ್ತದೆ. ಮೊದಲು ಗುಮಾಸ್ತರು, ಅವರ ಒಪ್ಪಿಗೆಯಾದ ಮೇಲೆ ಪ್ರಾಂಶುಪಾಲರು, ಆಮೇಲೆ ಅಂಕಗಳ ತನಿಖೆ, ಕಡೆಗೆ ಹಣ ಪಾವತಿ. ಈ ಕ್ರಮವೆಲ್ಲ ಅದರಲ್ಲಿ ಮೊದಲೇ ಬರೆದಿಟ್ಟಿರುತ್ತದೆ. ಅಂಕಗಳನ್ನು ತಿಳಿಯಬೇಕಾದಾಗ ಅದು ವಿಶ್ವವಿದ್ಯಾಲಯದ ಸರ್ವರನ್ನು ಜಾಲದ ಮೂಲಕ ಕೇಳುತ್ತದೆ. ಹಣವನ್ನು ಕೊಡಿಸಬೇಕಾದಾಗ ಬ್ಯಾಂಕಿನ ಸರ್ವರಿಗೆ ಆಜ್ಞೆಯನ್ನು ಕಳುಹಿಸುತ್ತದೆ. ಹೀಗೆ ಒಂದು ಯಂತ್ರದ ಕೇಳಿಕೆಗೆ ಇನ್ನೊಂದು ಯಂತ್ರವು ಉತ್ತರ ಕೊಡುವ ಏರ್ಪಾಡಿಗೆ ವೆಬ್ ಸರ್ವಿಸ್ ಎಂದು ಹೆಸರು. ಬಹುಮಟ್ಟಿಗೆ ಈ ಸಂಭಾಷಣೆಯು ನಡೆಯುವುದು ರಾತ್ರಿ ಎರಡು ಗಂಟೆಗೋ ಮೂರು ಗಂಟೆಗೋ. ಆಗ ಗುಮಾಸ್ತರೂ ನಿದ್ರಿಸುತ್ತಿರುತ್ತಾರೆ, ಪ್ರಾಂಶುಪಾಲರೂ ನಿದ್ರಿಸುತ್ತಿರುತ್ತಾರೆ.

ಈಗ ಬ್ಯಾಂಕಿನ ಸರ್ವರಿನ ಜಾಗದಲ್ಲಿ ನಿಂತು ಯೋಚಿಸೋಣ. ತಂತಿಯ ಆಚೆಯಿಂದ ಒಂದು ಸಂದೇಶ ಬಂದಿದೆ: ‘ಇಂಥ ಖಾತೆಗೆ ಇಷ್ಟು ರೂಪಾಯಿಗಳನ್ನು ಜಮಾ ಮಾಡು.’ ಕಳುಹಿಸಿದವರ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ. ಇದು ನಿಜವಾಗಿಯೂ ಕಾಲೇಜಿನ ವರ್ಕ್‌ಫ್ಲೋ ಯಂತ್ರದಿಂದ ಬಂದುದೇ? ನಡುದಾರಿಯಲ್ಲಿ ಯಾರಾದರೂ ತಿದ್ದಿದರೇ? ನಿನ್ನೆ ಬಂದಿದ್ದ ಸಂದೇಶವನ್ನೇ ಯಾರೋ ನಕಲು ಮಾಡಿ ಇಂದು ಮತ್ತೆ ಕಳುಹಿಸುತ್ತಿಲ್ಲವಷ್ಟೆ? ಯಂತ್ರವು ಇದನ್ನೆಲ್ಲ ಲೆಕ್ಕದಿಂದಲೇ ಬಗೆಹರಿಸಿಕೊಳ್ಳಬೇಕು. ಆ ಲೆಕ್ಕದ ಸ್ವರೂಪವನ್ನು ತಿಳಿಯುವುದೇ ಈ ಲೇಖನದಲ್ಲಿ ನಮ್ಮ ಉದ್ದೇಶ.

ಎಲ್ಲಕ್ಕಿಂತ ಸರಳವಾದ ಉಪಾಯವೆಂದರೆ ಹೆಸರನ್ನೂ ಪಾಸ್‌ವರ್ಡನ್ನೂ ಸಂದೇಶದ ಜೊತೆಯಲ್ಲೇ ಕಳುಹಿಸುವುದು. ಜಾಲದ ಭಾಷೆಯಾದ ಎಚ್‌ಟಿಟಿಪಿಯಲ್ಲಿ ಇದಕ್ಕೆ ಬೇಸಿಕ್ ಕ್ರಮವೆಂದು ಹೆಸರು. ಈ ಕ್ರಮದಲ್ಲಿ ಹೋಗುವ ಪಾಸ್‌ವರ್ಡನ್ನು ಯಾರಾದರೂ ಇಣುಕಿ ನೋಡಿದರೆ ಅರ್ಥವಿಲ್ಲದ ಅಕ್ಷರಗಳ ಸಾಲೊಂದು ಕಾಣುತ್ತದೆ. ಅದನ್ನು ಕಂಡು ಅನೇಕರು, ಇದೇನೋ ಗೂಢಲಿಪಿಯಾಗಿರಬೇಕು ಎಂದು ನೆಮ್ಮದಿಯಿಂದಿರುತ್ತಾರೆ. ಆ ನೆಮ್ಮದಿಗೆ ಆಧಾರವಿಲ್ಲ. ಗಣಕದಲ್ಲಿ ರೋಮನ್ ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ೮ ಬಿಟ್ಟುಗಳ ಸ್ಥಾನವಿರುತ್ತದೆ. ಮೂರು ಅಕ್ಷರಗಳಿಗೆ ೨೪ ಬಿಟ್ಟುಗಳು. ಈ ೨೪ನ್ನು ಆರಾರರಂತೆ ನಾಲ್ಕು ಗುಂಪುಗಳಾಗಿ ಒಡೆದು, ಪ್ರತಿಯೊಂದು ಗುಂಪಿಗೂ ೬೪ ಚಿಹ್ನೆಗಳ ಪಟ್ಟಿಯೊಂದರಿಂದ ಒಂದೊಂದು ಚಿಹ್ನೆಯನ್ನು ಕೊಡುತ್ತಾರೆ. ಆರು ಬಿಟ್ಟುಗಳಿಂದ ೬೪ ಸಂಖ್ಯೆಗಳು ಉಂಟಾಗುತ್ತವೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಮಾಡಿ ನೋಡಬಹುದು. ಈ ಪಟ್ಟಿಯು ಎಲ್ಲರಿಗೂ ತಿಳಿದುದು. ಕೀಲಿಯೆಂಬುದೇ ಇಲ್ಲಿಲ್ಲ. ಪಟ್ಟಿಯನ್ನು ಮುಂದಿಟ್ಟುಕೊಂಡ ಹೈಸ್ಕೂಲು ಹುಡುಗನು ಕಾಗದ ಪೆನ್ಸಿಲುಗಳಿಂದಲೇ ಐದು ನಿಮಿಷಗಳಲ್ಲಿ ಪಾಸ್‌ವರ್ಡನ್ನು ಓದಿಬಿಡುತ್ತಾನೆ. ಎಂತಲೇ ಬೇಸಿಕ್ ಕ್ರಮವನ್ನು ಬರಿಯ ತಂತಿಯ ಮೇಲೆ ಬಳಸುವುದು ಪೋಸ್ಟ್‌ಕಾರ್ಡಿನ ಮೇಲೆ ಬೀರುವಿನ ಬೀಗದ ಗುಟ್ಟನ್ನು ಬರೆದು ಕಳುಹಿಸಿದಂತೆ.

ಪಾಸ್‌ವರ್ಡನ್ನು ಕಳುಹಿಸದೆಯೇ ಅದು ತನಗೆ ತಿಳಿದಿದೆಯೆಂದು ತೋರಿಸಲು ಸಾಧ್ಯವೇ? ಸಾಧ್ಯವುಂಟು. ಬ್ಯಾಂಕಿಗೂ ಕಾಲೇಜಿಗೂ ಮಾತ್ರ ತಿಳಿದ ಒಂದು ಗುಟ್ಟು ೨೩ ಎಂಬ ಸಂಖ್ಯೆಯಾಗಿರಲಿ. ಬ್ಯಾಂಕು ಪ್ರತಿಸಾರಿಯೂ ಹೊಸದೊಂದು ಸಂಖ್ಯೆಯನ್ನು ಸವಾಲಾಗಿ ಹೇಳುತ್ತದೆ. ಕಾಲೇಜು ಅದನ್ನು ಗುಟ್ಟಿನಿಂದ ಗುಣಿಸಿ, ೯೭ರಿಂದ ಭಾಗಿಸಿ, ಶೇಷವನ್ನು ಮಾತ್ರ ಉತ್ತರವಾಗಿ ಕೊಡಬೇಕು. ಇಂದಿನ ಸವಾಲು ೪೧ ಆದರೆ, ೨೩ನ್ನು ೪೧ರಿಂದ ಗುಣಿಸಿದಾಗ ೯೪೩. ಅದನ್ನು ೯೭ರಿಂದ ಭಾಗಿಸಿದರೆ ಶೇಷ ೭೦. ಬ್ಯಾಂಕು ತಾನೂ ಅದೇ ಲೆಕ್ಕವನ್ನು ಮಾಡಿಕೊಂಡು ಹೋಲಿಸಿ ನೋಡುತ್ತದೆ. ನಾಳೆಯ ಸವಾಲು ೫೮ ಆದರೆ ಉತ್ತರವು ೭೩ ಆಗಬೇಕು. ಕದ್ದು ಕೇಳಿದವನಲ್ಲಿ ೭೦ ಎಂಬ ಹಳೆಯ ಉತ್ತರವಿದ್ದರೂ ನಾಳೆ ಅದು ಕೆಲಸಕ್ಕೆ ಬಾರದು.

ಚುರುಕಾದ ವಾಚಕರು ಇಷ್ಟರಲ್ಲಿ ಆಕ್ಷೇಪವೊಂದನ್ನು ಎತ್ತಿರಬೇಕು. ೪೧ ಮತ್ತು ೭೦ ಎರಡನ್ನೂ ಕೇಳಿದ ಕಳ್ಳನು ೧, ೨, ೩ ಎಂದು ಒಂದೊಂದನ್ನೇ ಗುಟ್ಟೆಂದು ಊಹಿಸಿ ಪರೀಕ್ಷಿಸುತ್ತ ಹೋದರೆ ಹೆಚ್ಚೆಂದರೆ ೯೬ ಪ್ರಯತ್ನಗಳಲ್ಲಿ ೨೩ ಎಂಬುದನ್ನು ಹಿಡಿದುಬಿಡುವನು. ಆಕ್ಷೇಪವು ಸರಿಯಾದುದೇ. ಆದುದರಿಂದ ನಿಜವಾದ ಬಳಕೆಯಲ್ಲಿ ಗುಣಾಕಾರದ ಬದಲು ಹ್ಯಾಶ್ ಎಂಬ ಬಹು ತೊಡಕಾದ ಕಲಸುವಿಕೆಯನ್ನೂ, ಚಿಕ್ಕ ಗುಟ್ಟಿನ ಬದಲು ೨೫೬ ಬಿಟ್ಟುಗಳಷ್ಟು ದೊಡ್ಡ ಗುಟ್ಟನ್ನೂ ಇಡುತ್ತಾರೆ. ಎರಡನ್ನು ೨೫೬ ಸಾರಿ ಗುಣಿಸಿದರೆ ಬರುವ ಸಂಖ್ಯೆಯಲ್ಲಿ ೭೮ ಅಂಕಿಗಳಿರುತ್ತವೆ. ಅಷ್ಟು ಊಹೆಗಳನ್ನು ಪರೀಕ್ಷಿಸುವ ಯಂತ್ರವನ್ನು ಯಾರೂ ಕಟ್ಟಲಾರರು. ಆದರೆ ಗುಟ್ಟೆಂಬುದು ಮನುಷ್ಯನು ಆರಿಸಿದ ಪದವಾಗಿದ್ದು, ಅದು ಅವನ ಊರಿನ ಹೆಸರೋ ಮಗಳ ಹೆಸರೋ ಆಗಿದ್ದರೆ, ಈ ೭೮ ಅಂಕಿಗಳ ರಕ್ಷಣೆಯೆಲ್ಲ ವ್ಯರ್ಥ. ಕಳ್ಳನು ನಿಘಂಟನ್ನು ಹಿಡಿದು ಕೂಡುತ್ತಾನೆ, ಅಷ್ಟೆ.

ಸವಾಲು-ಜವಾಬಿನ ಈ ತತ್ತ್ವವನ್ನು ಎಚ್‌ಟಿಟಿಪಿಯ ಡೈಜೆಸ್ಟ್ ಕ್ರಮದಲ್ಲಿಯೂ, ಮೈಕ್ರೋಸಾಫ್ಟ್ ಸಂಸ್ಥೆಯ ಎನ್‌ಟಿಎಲ್‌ಎಂ ಎಂಬ ಕ್ರಮದಲ್ಲಿಯೂ ಬಳಸಿದರು. ಎರಡನೆಯದರಲ್ಲಿ ಒಂದು ವಿಚಿತ್ರವಾದ ದೌರ್ಬಲ್ಯವಿದೆ. ಜವಾಬನ್ನು ಕಟ್ಟುವುದಕ್ಕೆ ಅಲ್ಲಿ ಪಾಸ್‌ವರ್ಡೇ ಬೇಕಿಲ್ಲ, ಅದರ ಹ್ಯಾಶ್ ಸಾಕು. ಹ್ಯಾಶನ್ನು ಕದ್ದವನು ಪಾಸ್‌ವರ್ಡೇನೆಂದು ತಿಳಿಯದೆಯೇ ಒಳಗೆ ಬರಬಲ್ಲನು. ಈ ದಾರಿಯು ೧೯೯೭ರಲ್ಲಿಯೇ ಬಹಿರಂಗವಾಗಿತ್ತು. ಆದರೂ ಆ ಕ್ರಮವು ಕಚೇರಿಗಳಿಂದ ಪೂರ್ತಿಯಾಗಿ ತೊಲಗದೆ ದಶಕಗಳ ಕಾಲ ಉಳಿದುಕೊಂಡಿತು. ಹಳೆಯ ತಂತ್ರಾಂಶಕ್ಕೂ ಹಳೆಯ ಮನೆಯ ಬಾಗಿಲಿಗೂ ಈ ವಿಷಯದಲ್ಲಿ ಭೇದವಿಲ್ಲ. ಬೀಗ ಸಡಿಲವೆಂದು ತಿಳಿದಿದ್ದರೂ ಬದಲಾಯಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ಇನ್ನೊಂದು ತೊಡಕನ್ನು ಗಮನಿಸಬೇಕು. ಒಂದು ಸಂಸ್ಥೆಯಲ್ಲಿ ನೂರು ಸೇವೆಗಳೂ ಸಾವಿರ ಬಳಕೆದಾರರೂ ಇದ್ದರೆ, ಪ್ರತಿಯೊಂದು ಜೋಡಿಗೂ ಪ್ರತ್ಯೇಕವಾದ ಗುಟ್ಟು ಬೇಕಾಗುತ್ತದೆ. ಲಕ್ಷ ಗುಟ್ಟುಗಳನ್ನು ಹಂಚಿ ಕಾಪಾಡುವವರು ಯಾರು? ಈ ಪ್ರಶ್ನೆಗೆ ಸುಂದರವಾದ ಉತ್ತರವೊಂದನ್ನು ೧೯೭೮ರಲ್ಲಿ ರೋಜರ್ ನೀಡ್ಹಮ್ ಮತ್ತು ಮೈಕೆಲ್ ಶ್ರೋಡರ್ ಎಂಬಿಬ್ಬರು ಪ್ರಕಟಿಸಿದರು. ೧೯೮೧ರಲ್ಲಿ ಡೊರೊಥಿ ಡೆನ್ನಿಂಗ್ ಮತ್ತು ಜಿಯೊವಾನಿ ಸಾಕೊ ಅದರೊಳಗಿನ ಒಂದು ಬಿರುಕನ್ನು ತೋರಿಸಿ, ಸಂದೇಶಗಳಲ್ಲಿ ಕಾಲವನ್ನು ನಮೂದಿಸಿದರೆ ಆ ಬಿರುಕು ಮುಚ್ಚುವುದೆಂದು ಹೇಳಿದರು. ಇವೆರಡನ್ನೂ ಆಧಾರವಾಗಿಟ್ಟುಕೊಂಡು ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ, ೧೯೮೩ರಲ್ಲಿ ತೊಡಗಿದ ಅಥೀನಾ ಯೋಜನೆಯ ಅಂಗವಾಗಿ, ಕರ್ಬೆರೋಸ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಸ್ಟೀವ್ ಮಿಲ್ಲರ್, ಕ್ಲಿಫರ್ಡ್ ನ್ಯೂಮನ್ ಇವರು ಅದರ ಮುಖ್ಯ ಶಿಲ್ಪಿಗಳು. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲನ್ನು ಕಾಯುವ ಮೂರು ತಲೆಗಳ ನಾಯಿಯ ಹೆಸರು ಅದು. ಇದನ್ನು ವಿವರಿಸಲು ಬಿಲ್ ಬ್ರಯಂಟ್ ಎಂಬವರು ೧೯೮೮ರಲ್ಲಿ ನಾಲ್ಕು ದೃಶ್ಯಗಳ ಒಂದು ಸಂವಾದವನ್ನೇ ಬರೆದರು. ಅದರಲ್ಲಿ ಅಥೀನಾ ಒಂದೊಂದೇ ಉಪಾಯವನ್ನು ಸೂಚಿಸುತ್ತಾಳೆ, ಯೂರಿಪಿಡೀಸನು ಒಂದೊಂದರಲ್ಲಿಯೂ ಹುಳುಕನ್ನು ಹುಡುಕುತ್ತಾನೆ. ಪಾಠವನ್ನು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಮಾರ್ಗ ನಮಗೆ ತೋರದು.

ಕರ್ಬೆರೋಸಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎಲ್ಲರೂ ನಂಬುವ ಒಂದು ಕೇಂದ್ರವಿದೆ. ಅದನ್ನು ಕೀಲಿಮನೆ ಎಂದು ಕರೆಯೋಣ. ಕೀಲಿಮನೆಗೂ ವರ್ಕ್‌ಫ್ಲೋ ಯಂತ್ರಕ್ಕೂ ನಡುವೆ ಒಂದು ಗುಟ್ಟಾದ ಕೀಲಿ. ಕೀಲಿಮನೆಗೂ ಹಣ ಪಾವತಿಯ ಸೇವೆಗೂ ನಡುವೆ ಇನ್ನೊಂದು ಕೀಲಿ. ವರ್ಕ್‌ಫ್ಲೋ ಯಂತ್ರವು ಕೀಲಿಮನೆಗೆ, ‘ಪಾವತಿ ಸೇವೆಯೊಡನೆ ಮಾತನಾಡಬೇಕು’ ಎಂದು ತಿಳಿಸುತ್ತದೆ. ಕೀಲಿಮನೆಯು ಆ ಕ್ಷಣದಲ್ಲಿ ಹೊಸದೊಂದು ತಾತ್ಕಾಲಿಕ ಕೀಲಿಯನ್ನು ಹುಟ್ಟಿಸಿ, ಅದರ ಎರಡು ಪ್ರತಿಗಳನ್ನು ಎರಡು ಪೆಟ್ಟಿಗೆಗಳಲ್ಲಿ ಇಡುತ್ತದೆ. ಮೊದಲನೆಯ ಪೆಟ್ಟಿಗೆಯು ವರ್ಕ್‌ಫ್ಲೋ ಯಂತ್ರದ ಕೀಲಿಯಿಂದ ಮಾತ್ರ ತೆರೆಯುವಂಥದು. ಎರಡನೆಯದರಲ್ಲಿ ತಾತ್ಕಾಲಿಕ ಕೀಲಿಯ ಜೊತೆಗೆ ‘ಇದನ್ನು ಹಿಡಿದು ಬರುವವರ ಹೆಸರು ಇಂಥದು, ಇದು ಇಷ್ಟು ಹೊತ್ತಿನವರೆಗೆ ಮಾತ್ರ ಸಲ್ಲುತ್ತದೆ’ ಎಂಬ ಬರಹವೂ ಇರುತ್ತದೆ. ಅದು ಪಾವತಿ ಸೇವೆಯ ಕೀಲಿಯಿಂದ ಮಾತ್ರ ತೆರೆಯುತ್ತದೆ. ಈ ಎರಡನೆಯ ಪೆಟ್ಟಿಗೆಗೆ ಟಿಕೆಟ್ಟು ಎಂದು ಹೆಸರು. ಎರಡು ಪೆಟ್ಟಿಗೆಗಳನ್ನೂ ಕೀಲಿಮನೆಯು ವರ್ಕ್‌ಫ್ಲೋ ಯಂತ್ರದ ಕೈಗೇ ಕೊಡುತ್ತದೆ.

ವರ್ಕ್‌ಫ್ಲೋ ಯಂತ್ರವು ತನ್ನ ಪೆಟ್ಟಿಗೆಯನ್ನು ತೆರೆದು ತಾತ್ಕಾಲಿಕ ಕೀಲಿಯನ್ನು ಪಡೆಯುತ್ತದೆ. ಟಿಕೆಟ್ಟನ್ನು ತೆರೆಯುವ ಅಥವಾ ತಿದ್ದುವ ಶಕ್ತಿ ಅದಕ್ಕಿಲ್ಲ. ಅದನ್ನು ಹಾಗೆಯೇ ಪಾವತಿ ಸೇವೆಯ ಬಳಿಗೆ ಒಯ್ದು, ಅದರೊಡನೆ ತನ್ನ ಹೆಸರನ್ನೂ ಆ ಕ್ಷಣದ ಗಡಿಯಾರದ ಹೊತ್ತನ್ನೂ ತಾತ್ಕಾಲಿಕ ಕೀಲಿಯಿಂದ ಗೂಢಲಿಪಿ ಮಾಡಿ ಒಪ್ಪಿಸುತ್ತದೆ. ಸೇವೆಯು ಟಿಕೆಟ್ಟನ್ನು ತೆರೆಯುತ್ತದೆ. ಒಳಗಿನ ತಾತ್ಕಾಲಿಕ ಕೀಲಿಯಿಂದ ಎರಡನೆಯ ಬರಹವನ್ನು ಬಿಡಿಸುತ್ತದೆ. ಹೊತ್ತು ಸರಿಯಾಗಿದ್ದರೆ, ಈ ಕೀಲಿಯನ್ನು ಬಲ್ಲವನು ಈಗ ತಾನೇ ಬರೆದುದು ಇದು ಎಂದು ತಿಳಿಯುತ್ತದೆ. ಪಾಸ್‌ವರ್ಡು ತಂತಿಯ ಮೇಲೆ ಎಲ್ಲಿಯೂ ಸಂಚರಿಸಲಿಲ್ಲ. ಪಾವತಿ ಸೇವೆಯು ಕೀಲಿಮನೆಯನ್ನು ಕೇಳುವ ಅಗತ್ಯವೂ ಬೀಳಲಿಲ್ಲ. ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ೨೦೦೦ದಲ್ಲಿ ಹೊರಬಂದ ವಿಂಡೋಸ್ ಕೂಡ ತನ್ನದಾಗಿ ಮಾಡಿಕೊಂಡಿತು.

ಸೇವೆಯು ಬಯಸಿದರೆ ಆ ಹೊತ್ತನ್ನೇ ತಾತ್ಕಾಲಿಕ ಕೀಲಿಯಿಂದ ಮತ್ತೆ ಗೂಢಲಿಪಿಮಾಡಿ ಹಿಂದಕ್ಕೆ ಕಳುಹಿಸಬಹುದು. ಆಗ ಕೇಳಿದವನಿಗೂ, ತಾನು ಮಾತನಾಡುತ್ತಿರುವುದು ನಿಜವಾದ ಸೇವೆಯೊಡನೆಯೇ ಎಂಬ ಭರವಸೆ ದೊರೆಯುತ್ತದೆ. ಗುರುತು ಎರಡು ಕಡೆಗೂ ಬೇಕಲ್ಲವೇ? ಅಶೋಕವನದಲ್ಲಿ ಸೀತೆ ಆಂಜನೇಯನನ್ನು ಮೊದಲು ನಂಬಲಿಲ್ಲ. ರಾವಣನ ವೇಷಗಳನ್ನು ಕಂಡವಳು ಅವಳು. ಉಂಗುರವನ್ನು ನೋಡಿ ನಂಬಿದ ಮೇಲೆ, ತನ್ನ ಕಡೆಯ ಗುರುತಾಗಿ ಚೂಡಾಮಣಿಯನ್ನು ಕೊಟ್ಟದ್ದಲ್ಲದೆ, ತನಗೂ ರಾಮನಿಗೂ ಮಾತ್ರ ತಿಳಿದ ಕಾಗೆಯ ಪ್ರಸಂಗವನ್ನೂ ಹೇಳಿ ಕಳುಹಿಸಿದಳು. ಒಡವೆಯನ್ನು ಕದಿಯಬಹುದು, ಇಬ್ಬರೇ ಬಲ್ಲ ಸಂಗತಿಯನ್ನು ಕದಿಯುವುದು ಅಷ್ಟು ಸುಲಭವಲ್ಲ.

ಕರ್ಬೆರೋಸಿನ ಪ್ರಾಣವಿರುವುದು ಗಡಿಯಾರದಲ್ಲಿ. ಎರಡು ಯಂತ್ರಗಳ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಐದು ನಿಮಿಷಗಳಿಗಿಂತ ಹೆಚ್ಚು ಅಂತರವಿದ್ದರೆ ಟಿಕೆಟ್ಟು ತಿರಸ್ಕೃತವಾಗುತ್ತದೆ. ಗಣಕದೊಳಗಿನ ಸ್ಫಟಿಕದ ಗಡಿಯಾರವು ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪುತ್ತದೆಂದು ಇಟ್ಟುಕೊಂಡರೆ, ದಿನದ ೮೬,೪೦೦ ಸೆಕೆಂಡುಗಳಲ್ಲಿ ಸುಮಾರು ೧.೭ ಸೆಕೆಂಡು ತಪ್ಪುತ್ತದೆ. ೩೦೦ ಸೆಕೆಂಡುಗಳ ತಪ್ಪು ಸೇರಲು ಸುಮಾರು ಆರು ತಿಂಗಳು ಬೇಕು. ಅಂದರೆ, ಯಾರೂ ಸರಿಪಡಿಸದ ಯಂತ್ರವೊಂದು ಆರು ತಿಂಗಳು ಚೆನ್ನಾಗಿ ಕೆಲಸಮಾಡಿ, ಒಂದು ದಿನ ಯಾವ ಕಾರಣವೂ ಕಾಣದೆ ಬಾಗಿಲ ಹೊರಗೆ ನಿಲ್ಲುತ್ತದೆ. ಜಾಲದ ಮೂಲಕ ಗಡಿಯಾರಗಳನ್ನು ಹೊಂದಿಸುವ ಕ್ರಮವನ್ನು ಡೇವಿಡ್ ಮಿಲ್ಸ್ ೧೯೮೫ರಲ್ಲಿ ಪ್ರಕಟಿಸಿದರು. ಅದನ್ನು ಜಾರಿಯಲ್ಲಿಡುವುದು ಭದ್ರತೆಯ ಕೆಲಸವೆಂದು ಹೊಸಬರಿಗೆ ತೋರುವುದಿಲ್ಲ.

ಹೊಂದಿಸುವವರು ತಪ್ಪುವ ಇನ್ನೊಂದು ಜಾಗವೆಂದರೆ ಸೇವೆಯ ಹೆಸರು. ಕೀಲಿಮನೆಯ ದಫ್ತರದಲ್ಲಿ ಪ್ರತಿಯೊಂದು ಸೇವೆಯ ಹೆಸರೂ ಒಂದೇ ಒಂದು ಖಾತೆಯ ಎದುರಿಗೆ ದಾಖಲಾಗಿರಬೇಕು. ಅಜಾಗರೂಕತೆಯಿಂದ ಒಂದೇ ಹೆಸರು ಎರಡು ಖಾತೆಗಳ ಎದುರಿಗೆ ಬಿದ್ದರೆ, ಯಾವ ಕೀಲಿಯಿಂದ ಟಿಕೆಟ್ಟನ್ನು ಮುಚ್ಚಬೇಕೆಂದು ಕೀಲಿಮನೆಗೆ ತಿಳಿಯುವುದಿಲ್ಲ. ಆಗ ಅನೇಕ ತಂತ್ರಾಂಶಗಳು ಸದ್ದಿಲ್ಲದೆ ಹಳೆಯ ಎನ್‌ಟಿಎಲ್‌ಎಂ ಕ್ರಮಕ್ಕೆ ಇಳಿದುಬಿಡುತ್ತವೆ. ಕೆಲಸವೇನೋ ನಡೆಯುತ್ತದೆ; ಆದರೆ ತಾವು ಗಟ್ಟಿಬಾಗಿಲನ್ನು ಇಟ್ಟಿದ್ದೇವೆಂದು ತಿಳಿದವರು ತಡಿಕೆಯ ಹಿಂದೆ ಮಲಗಿರುತ್ತಾರೆ.

ಟಿಕೆಟ್ಟು ಸೇವೆಯ ಖಾತೆಯ ಕೀಲಿಯಿಂದ ಮುಚ್ಚಲ್ಪಟ್ಟಿರುತ್ತದೆಂದು ಮೇಲೆ ಹೇಳಿದೆವು. ಆ ಕೀಲಿಯು ಹುಟ್ಟುವುದು ಖಾತೆಯ ಪಾಸ್‌ವರ್ಡಿನಿಂದ. ಸಂಸ್ಥೆಯ ಒಳಗಿನ ಯಾವ ಬಳಕೆದಾರನೇ ಆಗಲಿ ಒಂದು ಟಿಕೆಟ್ಟನ್ನು ಕೇಳಿ ಪಡೆದು, ಮನೆಗೆ ಒಯ್ದು, ಪಾಸ್‌ವರ್ಡುಗಳನ್ನು ಊಹಿಸಿ ಊಹಿಸಿ ಅದನ್ನು ತೆರೆಯಲು ಯತ್ನಿಸಬಹುದೆಂಬುದನ್ನು ೨೦೧೪ರಲ್ಲಿ ಒಬ್ಬ ಸಂಶೋಧಕರು ಮಾಡಿ ತೋರಿಸಿದರು. ಇಂಗ್ಲಿಷಿನ ಎಂಟು ಚಿಕ್ಕಕ್ಷರಗಳ ಪಾಸ್‌ವರ್ಡುಗಳು ಒಟ್ಟು ೨೦,೮೮೨ ಕೋಟಿಗಳಷ್ಟುಂಟು. ಸೆಕೆಂಡಿಗೆ ನೂರು ಕೋಟಿಯಂತೆ ಪರೀಕ್ಷಿಸುವ ಯಂತ್ರವಿದ್ದರೆ ಅಷ್ಟನ್ನೂ ಮುಗಿಸಲು ೨೦೯ ಸೆಕೆಂಡುಗಳು ಸಾಕು. ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ಅದೇ, ಚಿಕ್ಕಕ್ಷರ ದೊಡ್ಡಕ್ಷರ ಅಂಕಿಗಳಿಂದ ಯಾದೃಚ್ಛಿಕವಾಗಿ ಆರಿಸಿದ ೨೫ ಚಿಹ್ನೆಗಳ ಪಾಸ್‌ವರ್ಡಾದರೆ ಸಾಧ್ಯತೆಗಳ ಎಣಿಕೆಯು ೪೫ ಅಂಕಿಗಳ ಸಂಖ್ಯೆಯಾಗುತ್ತದೆ. ಯಂತ್ರವು ಬಳಸುವ ಪಾಸ್‌ವರ್ಡನ್ನು ಮನುಷ್ಯನು ನೆನಪಿಡಬೇಕಾಗಿಲ್ಲ. ಹಾಗಿದ್ದೂ ಅದನ್ನು ನೆನಪಿಡುವಂತೆ ಚಿಕ್ಕದಾಗಿ ಇಡುವ ಅಭ್ಯಾಸವು ನಮಗೆ ಎಂದಿಗೂ ಅರ್ಥವಾಗಿಲ್ಲ.

ಇಷ್ಟು ಹೊತ್ತು ನಾವು ಎರಡು ಯಂತ್ರಗಳ ನಡುವಿನ ಮಾತನ್ನು ನೋಡಿದೆವು. ವರ್ಕ್‌ಫ್ಲೋವಿನಲ್ಲಿ ಮೂರನೆಯವನೊಬ್ಬನಿದ್ದಾನೆ: ಒಪ್ಪಿಗೆ ಕೊಟ್ಟ ಮನುಷ್ಯ. ಪ್ರಾಂಶುಪಾಲರು ಸಂಜೆ ಐದು ಗಂಟೆಗೆ ವರ್ಕ್‌ಫ್ಲೋ ಯಂತ್ರಕ್ಕೆ ತಮ್ಮ ಗುರುತನ್ನು ತೋರಿಸಿ ಒಪ್ಪಿಗೆ ಕೊಟ್ಟು ಮನೆಗೆ ಹೋದರು. ಆ ಗುರುತು ವರ್ಕ್‌ಫ್ಲೋ ಯಂತ್ರದ ಎದುರಿಗೆ ಮಾತ್ರ ಸಲ್ಲುವಂಥದು. ಅದನ್ನೇ ಎತ್ತಿಕೊಂಡು ಹೋಗಿ ಯಂತ್ರವು ಪಾವತಿ ಸೇವೆಗೆ ತೋರಿಸಲಾರದು. ಸವಾಲಿಗೆ ಜವಾಬು ಕೊಡಲು ಪ್ರಾಂಶುಪಾಲರ ಗುಟ್ಟು ಅದರ ಬಳಿ ಇಲ್ಲ. ಹಗಲಿನಲ್ಲಿ ತಮ್ಮ ಮೇಜಿನ ಎದುರು ಕುಳಿತು ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿ ನಡೆದು, ರಾತ್ರಿ ಯಂತ್ರವು ತಾನೇ ನಡೆಸಿದಾಗ ಕೆಲಸ ನಿಲ್ಲುವುದಕ್ಕೆ ಬಹಳ ಸಲ ಇದೇ ಕಾರಣ. ಎಂಜಿನಿಯರರು ಇದನ್ನು ‘ಡಬಲ್ ಹಾಪ್’ ಎನ್ನುತ್ತಾರೆ. ಎರಡನೆಯ ನೆಗೆತಕ್ಕೆ ಕಾಲಿಲ್ಲವೆಂದು ಅರ್ಥ.

ಇದಕ್ಕೆ ಪರಿಹಾರವೆಂದರೆ ಮುಖ್ತ್ಯಾರ್‌ನಾಮೆ. ‘ನನ್ನ ಪರವಾಗಿ ಇವನು ಮಾಡಿದುದು ನಾನೇ ಮಾಡಿದಂತೆ’ ಎಂದು ಬರೆದುಕೊಡುವ ಅಧಿಕಾರಪತ್ರವನ್ನು ಜಮೀನಿನ ವ್ಯವಹಾರಗಳಲ್ಲಿ ಎಲ್ಲರೂ ನೋಡಿರುತ್ತಾರೆ. ೨೦೦೦ದ ವಿಂಡೋಸಿನಲ್ಲಿ ದೊರೆತದ್ದು ಸಾಮಾನ್ಯ ಮುಖ್ತ್ಯಾರ್‌ನಾಮೆ: ನಡುವಿನ ಯಂತ್ರವು ಬಳಕೆದಾರನ ಹೆಸರಿನಲ್ಲಿ ಯಾವ ಸೇವೆಗೆ ಬೇಕಾದರೂ ಹೋಗಬಹುದಾಗಿತ್ತು. ಅಂಥ ಯಂತ್ರವೊಂದು ಕಳ್ಳನ ಕೈಗೆ ಸಿಕ್ಕರೆ, ಆ ಯಂತ್ರದ ಬಾಗಿಲಿಗೆ ಬಂದ ಪ್ರತಿಯೊಬ್ಬರ ಸರ್ವಸ್ವವೂ ಅವನದಾಗುತ್ತದೆ. ಇದರ ಅಪಾಯವನ್ನು ಕಂಡು ೨೦೦೩ರ ಆವೃತ್ತಿಯಲ್ಲಿ ವಿಶೇಷ ಮುಖ್ತ್ಯಾರ್‌ನಾಮೆಯನ್ನು ತಂದರು. ಅದರ ಪ್ರಕಾರ, ಈ ಯಂತ್ರವು ಇತರರ ಪರವಾಗಿ ಹೋಗಬಹುದಾದ ಸೇವೆಗಳು ಇಂಥಿಂಥವು ಮಾತ್ರ ಎಂದು ಕೀಲಿಮನೆಯಲ್ಲಿಯೇ ಪಟ್ಟಿ ಬರೆದಿಡಬೇಕು. ಪಟ್ಟಿಯಲ್ಲಿ ಪಾವತಿ ಸೇವೆಯ ಹೆಸರೊಂದೇ ಇದ್ದರೆ, ಪ್ರಾಂಶುಪಾಲರ ಅಂಚೆಪೆಟ್ಟಿಗೆಯನ್ನು ತೆರೆಯಲು ವರ್ಕ್‌ಫ್ಲೋ ಯಂತ್ರಕ್ಕೆ ಟಿಕೆಟ್ಟು ಸಿಕ್ಕುವುದಿಲ್ಲ.

ಯಾರ ಅಧಿಕಾರದಿಂದ ಕೆಲಸ ನಡೆಯುತ್ತಿದೆಯೆಂಬುದು ಕಲಸಿಹೋದರೆ ಏನಾಗುತ್ತದೆಂಬುದಕ್ಕೆ ನಾರ್ಮ್ ಹಾರ್ಡಿ ಎಂಬವರು ೧೯೮೮ರಲ್ಲಿ ಬರೆದ ಪ್ರಸಂಗವೊಂದು ಪ್ರಸಿದ್ಧವಾಗಿದೆ. ಟೈಮ್‌ಶೇರ್ ಎಂಬ ಕಂಪೆನಿಯ ಗಣಕದಲ್ಲಿ ಒಂದು ಕಂಪೈಲರ್ ತಂತ್ರಾಂಶವಿತ್ತು. ಅದಕ್ಕೆ ತನ್ನ ಬಳಕೆಯ ಅಂಕಿಅಂಶಗಳನ್ನು ಬರೆದಿಡಲು ಒಂದು ವಿಶೇಷ ಕೋಶದೊಳಗೆ ಬರೆಯುವ ಅಧಿಕಾರವನ್ನು ಕೊಟ್ಟಿದ್ದರು. ಗಿರಾಕಿಗಳ ಬಿಲ್ಲಿನ ಲೆಕ್ಕವೂ ಅದೇ ಕೋಶದಲ್ಲಿತ್ತು. ಬಳಕೆದಾರನೊಬ್ಬನು, ತನ್ನ ಕೆಲಸದ ಫಲಿತಾಂಶವನ್ನು ಬರೆಯಬೇಕಾದ ಕಡತದ ಹೆಸರನ್ನು ಕೇಳಿದಾಗ, ಬಿಲ್ಲಿನ ಕಡತದ ಹೆಸರನ್ನು ಕೊಟ್ಟನು. ಅವನಿಗೆ ಅದನ್ನು ಮುಟ್ಟುವ ಅಧಿಕಾರವಿರಲಿಲ್ಲ, ಕಂಪೈಲರಿಗೆ ಇತ್ತು. ಕಂಪೈಲರು ವಿಧೇಯ ಸೇವಕನಂತೆ ಬಿಲ್ಲಿನ ಲೆಕ್ಕದ ಮೇಲೆಯೇ ಬರೆದು ಅದನ್ನು ಅಳಿಸಿಹಾಕಿತು. ಹಾರ್ಡಿಯವರು ಇದನ್ನು ‘ಗೊಂದಲಕ್ಕೆ ಬಿದ್ದ ಪ್ರತಿನಿಧಿ’ ಎಂದು ಕರೆದರು. ಇಂದಿನ ವರ್ಕ್‌ಫ್ಲೋ ಯಂತ್ರಗಳು ಎಲ್ಲ ಕೆಲಸಗಳನ್ನೂ ಒಂದೇ ಪ್ರಬಲವಾದ ಖಾತೆಯಿಂದ ನಡೆಸುವಾಗ ಇದೇ ಪ್ರತಿನಿಧಿಯ ಸ್ಥಾನದಲ್ಲಿರುತ್ತವೆ. ಗುಮಾಸ್ತನು ನಮೂನೆಯಲ್ಲಿ ಬೇರೊಂದು ಖಾತೆಯ ಸಂಖ್ಯೆಯನ್ನು ತುಂಬಿದರೆ, ಕೇಳಿದವನಿಗೆ ಆ ಅಧಿಕಾರವುಂಟೇ ಎಂದು ನೋಡದೆ ಅವು ಹಣವನ್ನು ಕಳುಹಿಸಿಬಿಡಬಹುದು.

ಕರ್ಬೆರೋಸ್ ಒಂದು ಸಂಸ್ಥೆಯ ಗೋಡೆಯೊಳಗೆ ಚೆನ್ನಾಗಿ ನಡೆಯುತ್ತದೆ. ಕಾಲೇಜು ಬೇರೆ, ಬ್ಯಾಂಕು ಬೇರೆ ಆದಾಗ ಇಬ್ಬರೂ ಒಪ್ಪುವ ಕೀಲಿಮನೆ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ೨೦೧೨ರಲ್ಲಿ ರೂಪುಗೊಂಡ ಓಆಥ್‌ನ ಎರಡನೆಯ ಆವೃತ್ತಿ. ವರ್ಕ್‌ಫ್ಲೋ ಯಂತ್ರವು ಮೊದಲು ಬ್ಯಾಂಕಿನ ಅನುಮತಿ ಸರ್ವರಿಗೆ ತನ್ನ ಗುರುತನ್ನು ತೋರಿಸಿ ಒಂದು ಟೋಕನ್ ಪಡೆಯುತ್ತದೆ. ಯಾವ ಕೆಲಸಕ್ಕೆ, ಎಷ್ಟು ಹೊತ್ತಿಗೆ ಅದು ಸಲ್ಲುತ್ತದೆಂಬುದು ಮೊದಲೇ ಗೊತ್ತಾಗಿರುತ್ತದೆ; ಅವಧಿಯು ಒಂದು ಗಂಟೆಯಷ್ಟಿರುವುದು ಸಾಮಾನ್ಯ. ಆಮೇಲೆ ಪ್ರತಿಯೊಂದು ಕೇಳಿಕೆಯ ಜೊತೆಗೂ ಟೋಕನ್ನನ್ನು ತೋರಿಸುತ್ತ ಹೋಗುತ್ತದೆ. ಈ ಟೋಕನ್ ಬೇರರ್ ಚೆಕ್ಕಿನಂತೆ. ಯಾರ ಕೈಯಲ್ಲಿದ್ದರೆ ಅವರದು. ರಾಕ್ಷಸನ ಉಂಗುರವೂ ಹೀಗೆಯೇ ಇತ್ತಲ್ಲವೇ? ವ್ಯತ್ಯಾಸವೆಂದರೆ ಉಂಗುರಕ್ಕೆ ಅವಧಿಯಿರಲಿಲ್ಲ. ಕದ್ದವನಿಗೆ ಉಪಯೋಗವಾಗದಂತೆ, ಟೋಕನ್ನನ್ನು ಯಂತ್ರದ ಖಾಸಗಿ ಕೀಲಿಗೆ ಗಂಟುಹಾಕುವ ಕ್ರಮವನ್ನು ೨೦೨೦ರಲ್ಲಿ ಪ್ರಕಟಿಸಿದ್ದಾರೆ. ಕ್ರಾಸ್ ಮಾಡಿದ ಚೆಕ್ಕಿಗೆ ಇದನ್ನು ಹೋಲಿಸಬಹುದು.

ಇವೆಲ್ಲದರ ಕೆಳಗೆ ಟಿಎಲ್‌ಎಸ್ ಎಂಬ ಗುಪ್ತಮಾರ್ಗವಿರಬೇಕು. ೧೯೯೫ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯು ತಂದ ಎಸ್‌ಎಸ್‌ಎಲ್ ಕ್ರಮದಿಂದ ಬೆಳೆದುಬಂದ ಇದರ ೧.೩ನೆಯ ಆವೃತ್ತಿಯು ೨೦೧೮ರದು. ಬ್ಯಾಂಕಿನ ಸರ್ವರು ತನ್ನ ಸರ್ಟಿಫಿಕೇಟನ್ನು ತೋರಿಸುತ್ತದೆ. ಅದಕ್ಕೆ ಸಹಿ ಹಾಕಿದವರು ನಂಬತಕ್ಕವರೇ, ಅದರಲ್ಲಿರುವ ಹೆಸರು ನಾವು ಕರೆದ ಹೆಸರೇ, ಅದರ ಅವಧಿ ಮುಗಿದಿಲ್ಲವಷ್ಟೆ ಎಂದು ಕರೆದ ಯಂತ್ರವು ಪರೀಕ್ಷಿಸಬೇಕು. ಮನುಷ್ಯನು ಬ್ರೌಸರಿನಲ್ಲಿ ನೋಡುವಾಗ ಎಚ್ಚರಿಕೆಯು ತೆರೆಯ ಮೇಲೆ ಕಾಣುತ್ತದೆ. ಯಂತ್ರವು ಯಂತ್ರವನ್ನು ಕರೆಯುವಾಗ ನೋಡುವವರು ಯಾರೂ ಇಲ್ಲ. ೨೦೧೨ರಲ್ಲಿ ಸ್ಟ್ಯಾನ್‌ಫರ್ಡ್ ಹಾಗೂ ಟೆಕ್ಸಾಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಬ್ರೌಸರಲ್ಲದ ತಂತ್ರಾಂಶಗಳನ್ನು ಪರೀಕ್ಷಿಸಿ, ಅನೇಕವು ಸರ್ಟಿಫಿಕೇಟಿನ ತನಿಖೆಯಲ್ಲಿ ಪೂರ್ತಿಯಾಗಿ ಸೋತಿವೆಯೆಂದು ತೋರಿಸಿದರು. ವೆಬ್ ಸರ್ವಿಸುಗಳ ಕರೆಗೆ ಬಹಳವಾಗಿ ಬಳಸುತ್ತಿದ್ದ ಅಪಾಚೆ ಆಕ್ಸಿಸ್ ಕೂಡ ಆ ಪಟ್ಟಿಯಲ್ಲಿತ್ತು. ಪರೀಕ್ಷೆಯ ದಿನಗಳಲ್ಲಿ ತೊಂದರೆ ಕೊಡುತ್ತದೆಂದು ಈ ತನಿಖೆಯನ್ನು ನಿಲ್ಲಿಸಿ, ಮತ್ತೆ ಹಚ್ಚಲು ಮರೆಯುವವರು ಈಗಲೂ ಉಂಟು. ತನಿಖೆಯಿಲ್ಲದ ಗುಪ್ತಮಾರ್ಗವು ಕಳ್ಳನ ಮನೆಗೂ ಅಷ್ಟೇ ಗುಪ್ತವಾಗಿ ಹೋಗುತ್ತದೆ. ಅವಧಿಯನ್ನು ಮರೆತರೂ ಕಷ್ಟವೇ: ೨೦೧೮ರ ಡಿಸೆಂಬರ್ ೬ರಂದು ಎರಿಕ್‌ಸನ್ ಸಂಸ್ಥೆಯ ತಂತ್ರಾಂಶದಲ್ಲಿದ್ದ ಸರ್ಟಿಫಿಕೇಟೊಂದರ ಅವಧಿ ಮುಗಿದು, ಬ್ರಿಟನ್ನಿನ ಓ-ಟು ಕಂಪೆನಿಯ ಕೋಟ್ಯಂತರ ಗಿರಾಕಿಗಳ ಮೊಬೈಲ್ ಜಾಲವು ಸ್ತಬ್ಧವಾಯಿತು.

ಗುಟ್ಟನ್ನು ಎಲ್ಲಿ ಇಡಬೇಕೆಂಬುದನ್ನು ಹೇಳದೆ ಮುಗಿಸುವಂತಿಲ್ಲ. ವರ್ಕ್‌ಫ್ಲೋವಿನ ನಕ್ಷೆಯೊಳಗೆ, ಕರೆಯ ವಿಳಾಸದ ಪಕ್ಕದಲ್ಲಿಯೇ, ಪಾಸ್‌ವರ್ಡನ್ನು ಬರೆದಿಡುವುದು ಸುಲಭ. ಆದರೆ ನಕ್ಷೆಯನ್ನು ನಕಲು ಮಾಡುತ್ತಾರೆ, ಮಿತ್ರರಿಗೆ ಕಳುಹಿಸುತ್ತಾರೆ, ಸಂಗ್ರಹಾಗಾರದಲ್ಲಿ ಇಡುತ್ತಾರೆ. ಪಾಸ್‌ವರ್ಡೂ ಅದರ ಜೊತೆಗೆ ತಿರುಗುತ್ತದೆ. ೨೦೧೬ರಲ್ಲಿ ಊಬರ್ ಕಂಪೆನಿಯ ೫ ಕೋಟಿ ೭೦ ಲಕ್ಷ ಜನರ ವಿವರಗಳು ಕಳವಾದದ್ದು ಹೀಗೆಯೇ. ಕಳ್ಳರಿಗೆ ಕೀಲಿಯು ದೊರೆತದ್ದು ಕಂಪೆನಿಯ ಎಂಜಿನಿಯರರು ಬಳಸುತ್ತಿದ್ದ ತಂತ್ರಾಂಶ ಸಂಗ್ರಹದೊಳಗೆ. ಗುಟ್ಟುಗಳನ್ನು ಪ್ರತ್ಯೇಕವಾದ ಗೂಢಕೋಶದಲ್ಲಿಟ್ಟು, ನಕ್ಷೆಯಲ್ಲಿ ಅದರ ಹೆಸರನ್ನು ಮಾತ್ರ ಬರೆಯಬೇಕು.

ನಮಗೆ ಪರಿಚಯವಿದ್ದ ಒಂದು ಕಚೇರಿಯಲ್ಲಿ ನಡೆದುದನ್ನು ಇಲ್ಲಿ ಹೇಳಬಹುದು. ಅಲ್ಲಿ ಪಾವತಿ ಸೇವೆಯ ಕರೆಗೆ ಹಿರಿಯ ಅಧಿಕಾರಿಯೊಬ್ಬರ ಸ್ವಂತ ಹೆಸರನ್ನೂ ಪಾಸ್‌ವರ್ಡನ್ನೂ ಬಳಸಿದ್ದರು. ತಿಂಗಳ ಕೊನೆಯಲ್ಲಿ ಅವರು ನಿವೃತ್ತರಾದರು. ನಿಯಮದಂತೆ ಅವರ ಖಾತೆಯನ್ನು ಮುಚ್ಚಿದರು. ಆ ರಾತ್ರಿಯಿಂದ ಪಾವತಿಗಳು ನಿಂತವು. ಸೇವೆಯು ಪ್ರತಿಸಾರಿಯೂ ೪೦೧ ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತಿತ್ತು. ‘ನೀನು ಯಾರೆಂಬುದೇ ನನಗೆ ತಿಳಿಯದು’ ಎಂಬುದು ಅದರ ಅರ್ಥ. ‘ನೀನು ಯಾರೆಂದು ಬಲ್ಲೆ, ಆದರೆ ಈ ಕೆಲಸಕ್ಕೆ ನಿನಗೆ ಅನುಮತಿಯಿಲ್ಲ’ ಎನ್ನುವ ಉತ್ತರಕ್ಕೆ ೪೦೩ ಎಂದು ಬೇರೆ ಸಂಖ್ಯೆಯ ಗುರುತು. ಈ ಭೇದವನ್ನು ತಿಳಿಯದೆ ಮೂರು ವಾರಗಳ ಕಾಲ ಅನುಮತಿಗಳ ಪಟ್ಟಿಯನ್ನೇ ತಿದ್ದುತ್ತ ಕುಳಿತರು. ಅಷ್ಟು ದಿನವೂ ಹಾಸ್ಟೆಲಿನ ಹುಡುಗರು ಊಟದ ಹಣಕ್ಕಾಗಿ ಬಾಗಿಲಿಗೆ ಬಂದು ಹೋಗುತ್ತಿದ್ದರು. ಇನ್ನೂ ಕಳವಳದ ಸಂಗತಿಯೆಂದರೆ, ಅದುವರೆಗಿನ ಎರಡು ವರ್ಷಗಳ ದಾಖಲೆಯಲ್ಲಿ ಯಂತ್ರವು ಮಾಡಿದ ಪಾವತಿಯಾವುದು, ಆ ಅಧಿಕಾರಿಯೇ ಕುಳಿತು ಮಾಡಿದುದಾವುದು ಎಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ. ಎಲ್ಲಕ್ಕೂ ಅವರದೇ ಹೆಸರು ಬಿದ್ದಿತ್ತು.

ಕೊನೆಗೆ ಹೊಸಬರೊಬ್ಬರು ಕಾರಣವನ್ನು ಕಂಡುಹಿಡಿದು, ಯಂತ್ರಕ್ಕೆಂದೇ ಪ್ರತ್ಯೇಕ ಖಾತೆಯೊಂದನ್ನು ತೆರೆಸಿದರು. ಆ ಖಾತೆಯಿಂದ ಯಾವ ಮನುಷ್ಯನೂ ಒಳಗೆ ಬರಲಾಗದಂತೆ ತಡೆದು, ಪಾವತಿಯ ಕೇಳಿಕೆಯೊಂದಕ್ಕೆ ಮಾತ್ರ ಅಧಿಕಾರವನ್ನು ಕೊಟ್ಟರು. ದಾಖಲೆಯ ಪ್ರತಿಯೊಂದು ಸಾಲಿನಲ್ಲಿಯೂ ಕೆಲಸವನ್ನು ಮಾಡಿದ ಯಂತ್ರದ ಹೆಸರೂ, ಯಾರ ಒಪ್ಪಿಗೆಯ ಮೇಲೆ ಮಾಡಿತೆಂಬುದೂ ಬೇರೆ ಬೇರೆಯಾಗಿ ಬೀಳುವಂತೆ ಏರ್ಪಡಿಸಿದರು. ತಡೆದು ನಿಂತಿದ್ದ ಅರ್ಜಿಗಳೆಲ್ಲ ಆ ರಾತ್ರಿ ಎರಡು ಗಂಟೆಯ ವೇಳೆಗೆ ಒಂದೊಂದಾಗಿ ಸಾಗಿದವು.